ಗಂಜಿ ಬಸಿದ ಅನ್ನ

ಯಾರ ಮನೆಗೆ ಹೋದರೂ ನನ್ನ ದೊಡ್ಡವ್ವ ಮೊದಲು ಮಾಡುತ್ತಿದ್ದದ್ದು ಒಂದೇ ಕೆಲಸ: ಸೀದಾ ಅಡುಗೆಮನೆಗೆ ನುಗ್ಗಿ ಅನ್ನದ ಪಾತ್ರೆಯ ಮುಚ್ಚಳ ತೆಗೆಯುವುದು. ಕೂಡ್ರಿ ಅನ್ನುವುದಕ್ಕೆ, ಒಂದು ತಂಬಿಗೆ ನೀರು ಕೊಡುವುದಕ್ಕೆ ಆ ಮನೆಯವರಿಗೆ ಪುರುಸೊತ್ತೇ ಸಿಗುತ್ತಿರಲಿಲ್ಲ. ಬಗ್ಗಿ ನೋಡುವಳು, ಒಂದು ಅಗುಳನ್ನು ಬೆರಳಲ್ಲಿ ಹಿಚುಕುವಳು, “ಹೂಂ” ಎಂದು ಮುಚ್ಚುವಳು. ಆಮೇಲೆ ಆ ಮನೆಯ ಹೆಂಗಸಿನ ಕಡೆ ತಿರುಗಿ ಕೇಳುವಳು, “ಗಂಜಿ ಎಲ್ಲಿಟ್ಟಿ?”

ಬೀಗರ ಮನೆಯಾದರೂ ಅಷ್ಟೆ, ಗುರುತಿಲ್ಲದವರ ಮನೆಯಾದರೂ ಅಷ್ಟೆ. ಒಮ್ಮೆ ಯಾರದೋ ಮದುವೆಯಲ್ಲಿ ಅಡುಗೆಯವರ ಹಂಡೆಗೇ ಕೈ ಹಾಕಲು ಹೋಗಿ ಬೈಸಿಕೊಂಡು ಬಂದಿದ್ದಳು. ನಾರಾಯಣಪೇಟೆಯ ನನ್ನ ಬಾಡಿಗೆ ಮನೆಗೆ ಬಂದಾಗಲೂ ಇದೇ ಹಾಡು. ನಾನು ಅಲ್ಲಿ ಕನ್ನಡ ಶಾಲೆಯಲ್ಲಿ ಪಾಠ ಹೇಳುವವಳು, ನಾಲಿಗೆ ಸ್ವಲ್ಪ ಉದ್ದ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ದೊಡ್ಡವ್ವ, ಇದು ನನ್ನ ಮನಿ. ತಹಸೀಲ್ದಾರ ತಪಾಸಣಿ ಮಾಡಿದಂಗ ಮಾಡಬ್ಯಾಡ” ಎಂದರೆ, “ನಿನ್ನ ಮನೀನ ಇರ್ಲೇಳು, ಯಾರು ಕಸಗೊಂಡ್ರು? ಗಂಜಿ ಎಲ್ಲಿಟ್ಟಿ, ಅದನ್ನ ಹೇಳು” ಅನ್ನುವಳು.

ಹೋದ ತಿಂಗಳು ಅವಳು ಹೋದಳು. ಮಕ್ತಲದ ಮನೆಯ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದವಳು ಮೊರ ಪಕ್ಕಕ್ಕಿಟ್ಟು ಗೋಡೆಗೆ ಒರಗಿದಳು, ಮತ್ತೆ ಏಳಲಿಲ್ಲ. ಅಂದಿನಿಂದ ನನಗೆ ಕೂತಲ್ಲಿ ಕೂಡಲಾಗುತ್ತಿಲ್ಲ. ಪಾಠ ಮಾಡುತ್ತಾ ಮಾಡುತ್ತಾ ಬಾಗಿಲ ಕಡೆ ನೋಡುತ್ತೇನೆ. ಮನೆಯಲ್ಲಿ ಅನ್ನಕ್ಕೆ ಇಟ್ಟರೆ ಎರಡು ಮೂರು ಸಲ ನಾನೇ ಮುಚ್ಚಳ ತೆಗೆದು ನೋಡುತ್ತೇನೆ. ಬರೆದರೆ ಮನಸ್ಸು ನಿಲ್ಲಬಹುದು ಎಂದು ಬರೆಯಲು ಕೂತಿದ್ದೇನೆ, ನಿಲ್ಲುವುದು ಅನುಮಾನ.

ಎತ್ತರದ ಹೆಂಗಸು. ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಯಾರೋ ಹಿಂದಿನಿಂದ ಅಟ್ಟಿಸಿಕೊಂಡು ಬಂದಂತೆ ನಡೆಯುತ್ತಿದ್ದಳು. ಹಣೆಯ ಮೇಲೆ ಮೈಲಾರನ ಭಂಡಾರ ಬೆವರಿಗೆ ಇಳಿದು ಮೂಗಿನವರೆಗೂ ಹಳದಿ. ಅವಳ ಓಣಿಯಲ್ಲಿ ಯಾರ ಮಗಳು ಚೊಚ್ಚಿಲಕ್ಕೆ ತವರಿಗೆ ಬಂದರೂ ದೊಡ್ಡವ್ವನಿಗೆ ಕರೆ ಹೋಗುತ್ತಿತ್ತು. ಬಾಣಂತಿಗೆ ಎರೆಯುವುದು, ಹೊರಸಿನ ಕೆಳಗೆ ಕೆಂಡ ಇಟ್ಟು ಕಾಸುವುದು, ಲೋಬಾನದ ಹೊಗೆ ಹಾಕುವುದು, ಕೂಸಿನ ತಲೆ ತಿದ್ದುವುದು, ಎಲ್ಲದಕ್ಕೂ ಅವಳ ಕೈಯೇ ಆಗಬೇಕು. ಎಲ್ಲಕ್ಕಿಂತ ಹೆಸರಾದದ್ದು ಅವಳು ಬಾಣಂತಿಗೆ ಬಡಿಸುವ ಅನ್ನ.

ಆ ಅನ್ನದ ಹಿಂದೆ ಒಂದು ಅಳು ಇತ್ತು. ಅವಳ ಕಾಲಕ್ಕೆ ಮಕ್ತಲದ ಕಡೆ ಅನ್ನವೆಂದರೆ ಹಬ್ಬದ ಮಾತು, ದಿನದ ಊಟ ಜೋಳವೇ. “ನಮ್ಮತ್ತಿ ನನಗ ಬಾಣಂತ್ಯಾಗ ಜ್ವಾಳದ ಸಂಗಟಿ ಹಾಕಿದ್ಲು, ಹುಳ್ಳಿ ಕಟ್ಟು ಹಾಕಿದ್ಲು. ಬಾಜೂ ಗೌಡ್ರ ಸೊಸೀನೂ ಅವಾಗ ಬಾಣಂತಿ. ಆಕಿ ಬೆಳ್ಳನ್ನ ತುಪ್ಪ ಉಣ್ಣೋದನ್ನ ಗ್ವಾಡಿ ಸಂದ್ಯಾಗಿಂದ ನೋಡಿ ಅತ್ತೀನಿ. ಅವತ್ತ ಅನ್ಕೊಂಡೆ, ನನ್ನ ಕೈಲಿ ಉಣ್ಣೋ ಬಾಣಂತಿಗೆ ಜ್ವಾಳದ ವಾಸನೀನೂ ತೋರ್ಸಂಗಿಲ್ಲ ಅಂತ.” ಈ ಕಥೆಯನ್ನು ಹೇಳುವಾಗ ಪ್ರತಿ ಸಲವೂ ಅವಳ ಕಣ್ಣು ತುಂಬುತ್ತಿತ್ತು. ಸಂಗಟಿ ಉಂಡು ಹಾಲು ಕುಡಿಸಿದ ಅವಳ ಗಂಡುಮಕ್ಕಳು ಇಬ್ಬರೂ ಗೂಳಿಗಳ ಹಾಗೆ ಬೆಳೆದಿದ್ದರು, ಅದು ಮಾತ್ರ ಅವಳ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಕಾಲುವೆ ನೀರು ಬಂದು ಊರ ಸುತ್ತ ಭತ್ತವಾದ ಮೇಲೆ ಅವಳ ಹಠ ಕೈಗೂಡಿತು. ಮಿಲ್ಲಿಗೆ ತಾನೇ ಹೋಗಿ ನಿಂತು, ಒಮ್ಮೆ ಪಾಲಿಶ್ ಹೊಡೆದ ಅಕ್ಕಿಯನ್ನು ಇನ್ನೊಮ್ಮೆ ಹೊಡೆಸುತ್ತಿದ್ದಳು. ತೊಳೆದ ನೀರು ಕುಡಿಯುವ ನೀರಿನಷ್ಟು ತಿಳಿಯಾಗುವ ತನಕ ತೊಳೆಯುವಳು. ಬೇಯಿಸಿ, ಬಟ್ಟೆ ಕಟ್ಟಿ, ಗಂಜಿಯನ್ನು ಕೊನೆಯ ಹನಿಯವರೆಗೆ ಬಸಿದು ಎಮ್ಮೆಯ ಬಾನಿಗೆ ಸುರಿಯುವಳು. ತಟ್ಟೆಗೆ ಬಂದ ಅನ್ನ ಮಲ್ಲಿಗೆ ಮೊಗ್ಗು ಸುರಿದಂತೆ ಬಿಡಿಬಿಡಿ. ಅದರ ಮೇಲೆ ಬಿಸಿ ತುಪ್ಪ, ಮೆಣಸು ಬೆಳ್ಳುಳ್ಳಿಯ ಪುಡಿ. ಅಷ್ಟೇ. ಬೇಳೆ ಕೂಡದು, ಕೂಸಿಗೆ ವಾಯು. ಪಲ್ಯ ಕೂಡದು, ಭೇದಿ. ಶೇಂಗಾ ಕೂಡದು, ಕೆಮ್ಮು. ಅಂಗನವಾಡಿಯವಳು ಮೊಟ್ಟೆ ತಂದುಕೊಟ್ಟರೆ ನಗುನಗುತ್ತಾ ಇಸಿದುಕೊಂಡು ಮೊಮ್ಮಕ್ಕಳಿಗೆ ಬೇಯಿಸಿ ಹಾಕುವಳು. ಗುಳಿಗೆ ಕೊಟ್ಟರೆ ಉಷ್ಣವೆಂದು ಗೋಡೆಯ ಮಾಡದಲ್ಲಿ ಇಟ್ಟುಬಿಡುವಳು.

ನನಗೆ ತಾಯಿ ಇರಲಿಲ್ಲ. ಗಂಡನದು ಗದ್ವಾಲ, ಅಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ. ಚೊಚ್ಚಿಲ ಬಾಣಂತನಕ್ಕೆ ದೊಡ್ಡವ್ವ ತಾನೇ ಗದ್ವಾಲಕ್ಕೆ ಬಂದು, “ತಂಗಿ ಇಲ್ಲ ಅಂತ ತಂಗೀ ಮಗಳಿಗೆ ತವರು ಇಲ್ಲಂಗಾತೇನು?” ಎಂದು ನನ್ನನ್ನು ಮಕ್ತಲಕ್ಕೆ ಕರೆದುಕೊಂಡು ಹೋದಳು. ಮಗಳು ಹುಟ್ಟಿದಳು. ಮೈಲಾರನ ಹೆಂಡತಿಯ ಹೆಸರಿಟ್ಟಳು ದೊಡ್ಡವ್ವ, ಗಂಗಿ ಎಂದು.

ಸಮತೋಲನ ಆಹಾರದ ಪಾಠವನ್ನು ವರ್ಷಾ ವರ್ಷಾ ಮಕ್ಕಳಿಗೆ ಹೇಳಿದವಳು ನಾನು. ಬೋರ್ಡಿನ ಮೇಲೆ ಬೇಳೆ, ಸೊಪ್ಪು, ಮೊಟ್ಟೆಯ ಚಿತ್ರ ಬರೆದವಳು. ಆದರೆ ಎಣ್ಣೆ ಹಚ್ಚಿ ಎರೆದು, ಕೂದಲಿಗೆ ಹೊಗೆ ಹಾಕಿ, ಎದುರಿಗೆ ಕೂತು ತುತ್ತು ಮಾಡಿ ಬಾಯಿಗಿಡುವ ಕೈಯನ್ನು ತಾಯಿಯಿಲ್ಲದವಳು ಹೇಗೆ ತಳ್ಳುತ್ತಾಳೆ? “ಉಣ್ಣು ಯವ್ವಾ, ಇನ್ನೊಂದು ತುತ್ತು. ನಿಮ್ಮವ್ವ ಇದ್ದಿದ್ರ ಹಿಂಗ ಉಣಸ್ತಿದ್ಲು” ಅನ್ನುವಳು. ಉಂಡೆ. ಹಾಲೂ ಚೆನ್ನಾಗಿ ಬರುತ್ತಿತ್ತು. ಪಾದ ಜುಮ್ ಅನ್ನತೊಡಗಿದಾಗ ಹೇಳಿದರೆ, “ಬಾಣಂತಿ ಕಾಲು ಅಂದ್ರ ಹಂಗ, ಹಸಿ ಮೈ” ಎಂದು ಬೇವಿನೆಣ್ಣೆ ತಿಕ್ಕಿದಳು.

ಮೂರನೇ ತಿಂಗಳಲ್ಲಿ ಗಂಗಿಗೆ ನೆಮ್ಮದಿ ತಪ್ಪಿತು. ಹಾಲು ಕುಡಿದರೆ ಕಕ್ಕುವಳು. ಎತ್ತಿಕೊಂಡರೂ ಆಗದು, ಮಲಗಿಸಿದರೂ ಆಗದು. ಒಂದು ಬೆಳಿಗ್ಗೆ ಬಾಯಿ ಅಗಲಿಸಿ, ಮುಖ ಕೆಂಪು ಮಾಡಿಕೊಂಡು, ಕೈಕಾಲು ಬಡಿಯುತ್ತಾ ಅತ್ತಳು. ದನಿ ಬರಲಿಲ್ಲ. ಅಳು ಇದೆ, ಕಣ್ಣೀರಿದೆ, ಶಬ್ದವಿಲ್ಲ. ಅದನ್ನು ನೋಡಿದ ತಾಯಿಗೆ ಏನಾಗುತ್ತದೆ ಎಂದು ನಾನು ಹೇಳಲಾರೆ. ಇಂದಿಗೂ ಟೀವಿಯ ಸದ್ದು ತೆಗೆದು ಯಾರಾದರೂ ಚಿತ್ರ ನೋಡುತ್ತಿದ್ದರೆ ನಾನು ಆ ಕೋಣೆಯಿಂದ ಎದ್ದು ಬರುತ್ತೇನೆ.

“ದೃಷ್ಟಿ ಆಗೈತಿ” ಎಂದು ದೊಡ್ಡವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು, ಹಣೆಗೆ ಭಂಡಾರ ಹಚ್ಚಿದಳು. ಬಿಸಿಲೇರುವ ಹೊತ್ತಿಗೆ ಕೂಸಿನ ಎದೆ ಒಂದೇ ಸಮ ಹಾರತೊಡಗಿತು. ಸುದ್ದಿ ತಿಳಿದು ಗಂಡ ಗದ್ವಾಲದಿಂದ ಜೀಪು ತಂದರು. ಜುರಾಲಾ ಅಣೆಕಟ್ಟಿನ ಮೇಲಿನ ದಾರಿಯಲ್ಲಿ ನೀರನ್ನು ನೋಡಲು ನಿಂತ ಜನ, ಮೀನು ಹುರಿಯುವ ಅಂಗಡಿಗಳು, ಎಲ್ಲವೂ ಎಂದಿನಂತೆ ಇದ್ದವು. ನನಗೆ ಆ ಜನರ ಮೇಲೆಲ್ಲ ಸಿಟ್ಟು ಬಂದಿತ್ತು.

ಗದ್ವಾಲದ ಮಕ್ಕಳ ಡಾಕ್ಟರು ಕೂಸಿನ ಎದೆಗೆ ಕೊಳವೆ ಹಚ್ಚಿ ಕೇಳಿದರು, ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಆಮೇಲೆ ಕೂಸನ್ನು ಬಿಟ್ಟು ನನ್ನ ಕಡೆ ತಿರುಗಿ, “ಅಮ್ಮಾ, ನುವ್ವೇಂ ತಿಂಟುನ್ನಾವ್?” ಎಂದು ತೆಲುಗಿನಲ್ಲಿ ಕೇಳಿದರು. ಸಾಯುವಂತಿರುವ ಕೂಸನ್ನು ಮುಂದಿಟ್ಟುಕೊಂಡು ನೀನೇನು ತಿನ್ನುತ್ತೀ ಎಂದು ಕೇಳುವ ಈ ಮನುಷ್ಯನಿಗೆ ತಲೆ ಕೆಟ್ಟಿದೆಯೇ ಎನ್ನಿಸಿತು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡವ್ವ ಮುಂದೆ ಬಂದಳು. ನಮ್ಮ ಮಾತು ಕೇಳಿ ಡಾಕ್ಟರೂ ಕನ್ನಡಕ್ಕೆ ಹೊರಳಿದರು, ರಾಯಚೂರಿನಲ್ಲಿ ಓದಿದವರಂತೆ.

“ಬೆಳ್ಳನ್ನ ಸಾಹೇಬ್ರ” ಎಂದಳು ದೊಡ್ಡವ್ವ. ಆ ಆತಂಕದಲ್ಲೂ ಅವಳ ದನಿಯಲ್ಲಿ ಹೆಮ್ಮೆ ಇತ್ತು. “ಎರಡು ಸರ್ತಿ ಪಾಲಿಶ್ ಹೊಡಿಸಿದ್ದು. ನೀರು ತಿಳಿ ಆಗೋಮಟ ತೊಳೀತೀನಿ. ಗಂಜಿ ಪೂರಾ ಬಸೀತೀನಿ. ತುಪ್ಪ, ಮೆಣಸಿನ ಪುಡಿ. ಬ್ಯಾಳಿ, ಪಲ್ಯ ಒಂದು ತುಣುಕು ಮುಟ್ಟಿಸಿಲ್ಲರಿ.”

“ರೊಟ್ಟಿ?”

“ಛೇ. ಬಾಣಂತಿಗೆ ಯಾರಾರ ರೊಟ್ಟಿ ಹಾಕ್ತಾರೇನ್ರಿ?”

“ಬಸದ ಗಂಜಿ ಯಾರಿಗೆ ಹಾಕಿದ್ರಿ?”

“ಎಮ್ಮಿಗೆ.”

“ಎಮ್ಮಿಗೂ ಕರ ಐತೇನು? ಹೆಂಗೈತಿ ಅದು?”

“ಚಂದ ಐತ್ರಿ. ಕುಣ್ಯಾಕತ್ತೈತಿ.”

ಡಾಕ್ಟರು ಮತ್ತೇನೂ ಕೇಳಲಿಲ್ಲ. ನನ್ನನ್ನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂಡಿಸಿ, ಏನೂ ಹಿಡಿಯದೆ ಏಳು ಎಂದರು. ನನಗೆ ಏಳಲಾಗಲಿಲ್ಲ. ಮೇಜಿನ ಕಾಲು ಹಿಡಿದು ಎದ್ದೆ. ನರ್ಸನ್ನು ಕರೆದು ಒಂದು ಸೂಜಿಮದ್ದಿನ ಹೆಸರು ಹೇಳಿದರು. ಕೂಸಿಗೆ ಚುಚ್ಚಿದರು, ನನಗೂ ಚುಚ್ಚಿದರು.

ಆಮೇಲೆ ಬಿಡಿಸಿ ಹೇಳಿದರು. ಅಕ್ಕಿಯ ಮೇಲಿನ ತೌಡಿನಲ್ಲಿ, ಬೇಳೆಯಲ್ಲಿ, ಜೋಳದಲ್ಲಿ ಬಿ-ಒಂದು ಎಂಬ ಜೀವಸತ್ವ ಇರುತ್ತದೆ. ಅದು ತಾಯಿಯ ಹೊಟ್ಟೆಗೆ ಹೋಗದಿದ್ದರೆ ಹಾಲಿಗೆ ಬರುವುದಿಲ್ಲ. ಹಾಲು ನೋಡುವುದಕ್ಕೆ ಹಾಲಿನಂತೆಯೇ ಇರುತ್ತದೆ, ಕೂಸಿನ ಹೊಟ್ಟೆಯೂ ತುಂಬುತ್ತದೆ, ಆದರೆ ಗುಂಡಿಗೆ ಮತ್ತು ಮಿದುಳು ಉಪವಾಸ ಬೀಳುತ್ತವೆ. “ಮಿಲ್ಲಿನಾಗ ಅರ್ಧ ಹೋತು, ತೊಳದ ನೀರಾಗ ಕಾಲು ಹೋತು, ಉಳದಿದ್ದು ಎಮ್ಮಿ ಕುಡೀತು” ಎಂದರು. ಬೈಯಲಿಲ್ಲ. ಬೈದಿದ್ದರೆ ದೊಡ್ಡವ್ವನಿಗೆ ಹಗುರಾಗುತ್ತಿತ್ತೇನೋ.

ಮಧ್ಯಾಹ್ನ ಕಳೆಯುವುದರೊಳಗೆ ಗಂಗಿಯ ಎದೆಯ ಹಾರಾಟ ಇಳಿಯಿತು. ಮೊಲೆ ಹಿಡಿದಳು. ನಾನು ಡಾಕ್ಟರನ್ನು ಕೇಳಿದೆ, “ತಲಿಗೆ ಏನಾರ ಆಗೇತೇನ್ರಿ?” ಅವರು, “ಮಿದುಳು ಬೆಳಿಯೋ ತಿಂಗಳಿದು. ಜಲ್ದಿ ತಂದೀರಿ, ಬಹಳ ಮಟ್ಟಿಗೆ ಏನೂ ಆಗಿರಂಗಿಲ್ಲ. ಆದ್ರ ಮಾತು ಬರೋತನಕ ನೋಡಬೇಕ್ರಿ. ಈಗ ಹೇಳಾಕ ಬರಂಗಿಲ್ಲ” ಎಂದರು.

ಈಗ ಹೇಳಾಕ ಬರಂಗಿಲ್ಲ. ಈ ಒಂದು ಮಾತು ನನ್ನ ತಲೆಯೊಳಗೆ ಹೊಕ್ಕದ್ದು ಇನ್ನೂ ಹೊರಬಿದ್ದಿಲ್ಲ.

ದೊಡ್ಡವ್ವ ಕೇಳಿದ್ದು ಬೇರೆ. ಬಾಗಿಲವರೆಗೆ ಹೋದವಳು ತಿರುಗಿ ಬಂದು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, “ಸಾಹೇಬ್ರ, ದನಿ ಬಿದ್ದು ಸತ್ತ ಕೂಸುಗಳೆಲ್ಲ ಹಿಂಗೇನ್ರಿ?” ಎಂದಳು. ಡಾಕ್ಟರು, “ಎಲ್ಲಾ ಅಲ್ಲಮ್ಮ, ಬ್ಯಾರೆ ರೋಗಾನೂ ಇರ್ತಾವ. ಕೆಲವು ಹಿಂಗ ಇರಬಹುದು” ಎಂದರು. ಡಾಕ್ಟರು ಕಳಿಸಿಕೊಟ್ಟ ಮೇಲೆ ಜೀಪಿನಲ್ಲಿ ಮಕ್ತಲಕ್ಕೆ ಮರಳುವಾಗ ಅವಳು ಎದುರು ಸೀಟಿನಲ್ಲಿ ಕೂತು ಯಾವ ಯಾವ ಮನೆಯ ಬಾಣಂತಿಯರನ್ನು ನೆನೆಯುತ್ತಿದ್ದಳೋ, ತುಟಿ ಮಾತ್ರ ಅಲುಗುತ್ತಿತ್ತು.

ಮನೆಗೆ ಬಂದ ಮೇಲೆ ಜೋಳದ ರೊಟ್ಟಿ ಬಡಿದಳು, ಬೇಳೆ ಬೇಯಿಸಿದಳು, ಶೇಂಗಾ ಚಟ್ನಿಪುಡಿ ಕುಟ್ಟಿದಳು. ನನ್ನ ಮುಂದಿಟ್ಟು ದೂರ ಕೂತಳು. ಕೂಸನ್ನು ಮುಟ್ಟಲಿಲ್ಲ. ಎರೆಯಲು ಕರೆದರೆ, “ಸೊಸಿ ಎರೀತಾಳ, ನನ್ನ ಕೈ ಬ್ಯಾಡ” ಅಂದಳು. ನನಗೂ ಸಮಾಧಾನ ಹೇಳುವ ಮನಸ್ಸಿರಲಿಲ್ಲ. ಸಿಟ್ಟು ಇತ್ತು. ಇಷ್ಟು ಪ್ರೀತಿಯ ಮೇಲೆ ಸಿಟ್ಟು ಮಾಡುವುದು ಹೇಗೆ ಎಂದು ತಿಳಿಯದ ಸಿಟ್ಟು, ಅದು ಬಹಳ ಕೆಟ್ಟದ್ದು.

ಗಂಗಿಯ ದನಿ ಮಾತ್ರ ಬರಲಿಲ್ಲ. ಉಸಿರು ಸರಿಯಾಯಿತು, ಕಣ್ಣಿಗೆ ಕಳೆ ಬಂತು, ಅಳು ಮಾತ್ರ ಮೂಕವಾಗಿಯೇ ಇತ್ತು. ದಿನಗಳು ಹೋದವು. ಒಂದು ಸಂಜೆ ದೊಡ್ಡವ್ವನ ಹಿರಿಸೊಸೆ ಎರೆಯುವಾಗ ನೀರು ತುಸು ಬಿಸಿಯಾಗಿತ್ತೇನೋ, ಒಡಕು ದನಿಯೊಂದು, ಹೊಸ ಚಪ್ಪಲಿ ಕಿರುಗುಟ್ಟಿದಂತೆ, ಹೊರಬಿತ್ತು. ದೊಡ್ಡವ್ವ ಕೊಟ್ಟಿಗೆಯಿಂದ ಸೆಗಣಿ ಕೈಯಲ್ಲೇ ಓಡಿ ಬಂದಳು. ಬಚ್ಚಲ ಹೊಸ್ತಿಲಲ್ಲಿ ನಿಂತಳು, ಒಳಗೆ ಬರಲಿಲ್ಲ.

“ಇನ್ನೊಮ್ಮೆ ಅಳಸ ಅದನ್ನ” ಎಂದಳು.

ಸೊಸೆ ನನ್ನ ಮುಖ ನೋಡಿದಳು. ಕೂಸನ್ನು ಅಳಿಸು ಎಂದು ಯಾರೂ ಎಂದೂ ಕೇಳಿದ್ದಿಲ್ಲ. ಗಂಗಿ ನಮಗೆ ಆ ಕಷ್ಟ ಕೊಡಲಿಲ್ಲ, ತಾನೇ ಅತ್ತಳು. ದೊಡ್ಡವ್ವ ಅಲ್ಲೇ ಕುಸಿದು ಕೂತು, ಸೆಗಣಿ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಾ ಇದ್ದಳು.

ಮಾರನೇ ದಿನವೇ ಗುಂಡುಮಾಲಕ್ಕೆ ಹೊರಟು ನಿಂತಳು. ಮಕ್ತಲದ ಅದೇ ಓಣಿಯ ಒಬ್ಬ ಹುಡುಗಿಯನ್ನು ಗುಂಡುಮಾಲಕ್ಕೆ ಕೊಟ್ಟಿತ್ತು. ಕೆಲವು ವರ್ಷಗಳ ಹಿಂದೆ ಅವಳ ಚೊಚ್ಚಿಲ ಬಾಣಂತನವನ್ನು ದೊಡ್ಡವ್ವನೇ ಮಾಡಿದ್ದಳು. ಆ ಗಂಡು ಕೂಸಿಗೆ ದನಿ ಬಿತ್ತು, ಎದೆ ಹಾರಿತು, ದವಾಖಾನೆಗೆ ಒಯ್ಯುವ ದಾರಿಯಲ್ಲೇ ಹೋಯಿತು. ಈಕೆಯ ಹಾಲು ಸರಿಯಿಲ್ಲ ಎಂದು ಅತ್ತೆಮನೆಯವರು ಹೇಳಿದರು. ಎರಡನೆಯದು ಹುಟ್ಟಿದಾಗ ಒಂದು ದಿನವೂ ಮೊಲೆಗೆ ಹಚ್ಚಗೊಡಲಿಲ್ಲ, ಮೇಕೆ ಹಾಲು ಹಾಕಿ ಬೆಳೆಸಿದರು. ಅವಳು ಎದೆಗೆ ಬಟ್ಟೆ ಬಿಗಿದುಕೊಂಡು ಹಾಲು ಆರಿಸಿಕೊಂಡಳಂತೆ.

ಹೋಗಬೇಡ ಎಂದು ನಾನು ಜಗಳವಾಡಿದೆ. “ಅದೂ ಇದೇ ರೋಗ ಅಂತ ನಿನಗೇನು ಗೊತ್ತು? ಡಾಕ್ಟರಿಗೇ ಗೊತ್ತಿಲ್ಲ. ಆರಿದ ಗಾಯ ಯಾಕ ಕೆದರ್ತಿ?” ದೊಡ್ಡವ್ವ ಸೀರೆ ಸಿಕ್ಕಿಸುತ್ತಾ, “ಆರಿಲ್ಲವ್ವ ಅದು” ಎಂದಳಷ್ಟೆ. ಕೂಸನ್ನು ಸೊಸೆಯ ಕೈಗೆ ಕೊಟ್ಟು ನಾನೂ ಬಸ್ಸು ಹತ್ತಿದೆ. ಅವಳು ಏನು ಮಾತಾಡಿಬಿಡುತ್ತಾಳೋ ಎಂಬ ಭಯ ನನಗೆ.

ಗುಂಡುಮಾಲದ ಮನೆಯಲ್ಲಿ ಅತ್ತೆ ಕಟ್ಟೆಯ ಮೇಲಿದ್ದಳು, ಸೊಸೆ ಅಂಗಳದಲ್ಲಿ ಮೆಣಸಿನಕಾಯಿ ಒಣಗಹಾಕುತ್ತಿದ್ದಳು. ದೊಡ್ಡವ್ವ ಅಂದು ಅಡುಗೆಮನೆಗೆ ಹೋಗಲಿಲ್ಲ. ಅಂಗಳದ ನಡುವೆ ನಿಂತು, ಎರಡು ಮನೆ ಆಚೆಗೂ ಕೇಳುವಂತೆ ಹೇಳಿದಳು:

“ನಿನ್ನ ಹಾಲಿನ ತಪ್ಪಲ್ಲ ತಂಗಿ. ನಾ ಹಾಕಿದ ಅನ್ನದ ತಪ್ಪು. ನನ್ನ ತಂಗೀ ಮಗಳಿಗೂ ಹಂಗ ಹಾಕಿದ್ದೆ, ಆಕಿ ಕೂಸಿಗೂ ದನಿ ಬಿತ್ತು. ಗದ್ವಾಲ ಡಾಕ್ಟರ್ ಹೇಳಿದ್ರು. ನಿನ್ನ ಕೂಸಿಂದೂ ಅದೇ ಅಂತ ಅವ್ರು ಅಂದಿಲ್ಲ, ನಾ ಅಂತೀನಿ. ಹಾಲು ಕೆಟ್ಟದ್ದಲ್ಲ, ಹಾಲಿಗೆ ನಾ ಏನೂ ಹಾಕಲಿಲ್ಲ.”

ಅತ್ತೆ ಏನೋ ಹೇಳಹೋದಳು. ದೊಡ್ಡವ್ವ ಅತ್ತ ತಿರುಗಿ, “ನೀನೂ ಕೇಳಬೇಕಂತನ ಒದರಿ ಹೇಳೀನಿ” ಎಂದಳು.

ಆ ಹುಡುಗಿ ಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. “ಈಗ ಬಂದು ಹೇಳ್ತೀಯಲ್ಲ, ಈಗ ನಾ ಏನು ಮಾಡ್ಲಿ ಅದನ್ನ ತಗೊಂಡು?” ಎಂದಳು. ಬೈಗುಳವಲ್ಲ, ನಿಜವಾಗಿಯೂ ಕೇಳಿದ ಪ್ರಶ್ನೆ. ಆ ಹುಡುಗಿ ಒಳಗೆ ಹೋದಳು, ನೀರು ತಂದು ಕೊಡಲಿಲ್ಲ. ನಾವು ಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿಗೆ ನಡೆದೆವು. ಆ ಮೇಲೆ ಅವಳು ತವರಿಗೆ ಬಂದಾಗಲೂ ದೊಡ್ಡವ್ವನ ಮನೆಯ ಮುಂದಿನಿಂದ ಮುಖ ತಿರುಗಿಸಿ ಹೋಗುತ್ತಿದ್ದಳು. ದೊಡ್ಡವ್ವ ಮಾಡಿದ್ದು ಸರಿಯೋ ತಪ್ಪೋ ನನಗೆ ಇಂದಿಗೂ ತೀರ್ಮಾನವಾಗಿಲ್ಲ. ಒಂದೊಂದು ದಿನ ಒಂದೊಂದು ಅನ್ನಿಸುತ್ತದೆ.

ಓಣಿಯಲ್ಲಿ ಇನ್ನೊಂದು ಕಷ್ಟ. ಬಾಣಂತಿಗೆ ಬೆಳ್ಳನ್ನವೇ ಮರ್ಯಾದೆ ಎಂದು ಓಣಿಗೆ ಕಲಿಸಿದವಳು ಅವಳೇ. ಈಗ ರೊಟ್ಟಿ ಹಾಕಿರಿ ಎಂದರೆ ಯಾರು ಕೇಳುತ್ತಾರೆ? “ಮುದುಕಿಗೆ ಅರಳು ಮರಳು” ಎಂದರು ಕೆಲವರು. “ಬಾಣಂತಿಗೆ ರೊಟ್ಟಿ ಹಾಕಿದ್ರ ಬೀಗರು ನಮಗ ಗತಿ ಇಲ್ಲ ಅನ್ಕೊಳ್ಳಂಗಿಲ್ಲೇನು?” ಎಂದಳು ಎದುರು ಮನೆಯ ಹೆಂಗಸು. ಡಾಕ್ಟರ ಮಾತು ಹೇಳಿದರೂ ಬಗ್ಗಲಿಲ್ಲ. ಆಗ ದೊಡ್ಡವ್ವ ಒಂದು ಕಿತಾಪತಿ ಮಾಡಿದಳು. ಬಾಣಂತಿಯ ಮೆಣಸಿನ ಪುಡಿಯನ್ನು ಮಾಡಿಕೊಡುವ ಹಕ್ಕು ಇನ್ನೂ ಅವಳದೇ ಇತ್ತಲ್ಲ. ಹುಳ್ಳಿ, ಕಡಲೆಬೇಳೆ, ಎಳ್ಳು, ಶೇಂಗಾ, ಎಲ್ಲವನ್ನೂ ಕರ್ರಗೆ ಹುರಿದು ಕುಟ್ಟಿ, ಮೇಲಷ್ಟು ಮೆಣಸು ಬೆಳ್ಳುಳ್ಳಿ ಸೇರಿಸಿ ಡಬ್ಬಿ ತುಂಬಿ ಕೊಡತೊಡಗಿದಳು. “ತುಪ್ಪದಾಗ ಕಲಸಿ ಅನ್ನಕ್ಕಿಂತ ಪುಡೀನ ಜಾಸ್ತಿ ಉಣ್ಣು” ಎಂದು ಬಾಣಂತಿಯ ಕಿವಿಯಲ್ಲಿ ಹೇಳುವಳು. ತಟ್ಟೆಯಲ್ಲಿ ಅನ್ನ ಬೆಳ್ಳಗೇ ಇತ್ತು, ಬೀಗರ ಮರ್ಯಾದೆಯೂ ಉಳಿಯಿತು. ಜೊತೆಗೆ ಗಂಜಿಯನ್ನು ಬಸಿಯಗೊಡುತ್ತಿರಲಿಲ್ಲ, ಅನ್ನದಲ್ಲೇ ಇಂಗಿಸಬೇಕು. ಅದಕ್ಕೇ ಮನೆಮನೆಗೆ ನುಗ್ಗಿ ಮುಚ್ಚಳ ತೆಗೆಯುವುದು, ಗಂಜಿ ಎಲ್ಲಿ ಎಂದು ಕೇಳುವುದು. ಅಂಗನವಾಡಿಯವಳಿಗೂ ಅವಳಿಗೂ ಆಮೇಲೆ ಬಲು ದೋಸ್ತಿ. ಗುಳಿಗೆ ನುಂಗಿದೆಯೋ ಇಲ್ಲವೋ ಎಂದು ಬಾಣಂತಿಯ ಬಾಯಿ ತೆರೆಸಿ ನೋಡುವಳು.

ತಾನು ಮಾತ್ರ ಬಸಿದ ಅನ್ನವನ್ನು ಮತ್ತೆ ಮುಟ್ಟಲಿಲ್ಲ. ಮದುವೆ ಮುಂಜಿಗೆ ಹೋದರೂ ಸೆರಗಿನಲ್ಲಿ ಎರಡು ರೊಟ್ಟಿ ಕಟ್ಟಿಕೊಂಡು ಹೋಗಿ, ಪಂಕ್ತಿಯ ನಡುವೆ ಬಿಚ್ಚಿ ಕೂತು ಸೊಸೆಯರ ಮಾನ ಕಳೆಯುವಳು.

ನಾನು ಗಂಗಿಯನ್ನು ಕರೆದುಕೊಂಡು ನಾರಾಯಣಪೇಟೆಗೆ ಕೆಲಸಕ್ಕೆ ಮರಳಿದೆ. ಆಮೇಲೆ ಶುರುವಾಯಿತು ಕಾಯುವುದು. ಪ್ರತಿ ಬೆಳಿಗ್ಗೆ ಮಕ್ತಲದಿಂದ ಫೋನು. “ಮಾತಾಡ್ತೇನು?” ಬೇರೆ ಕುಶಲವಿಲ್ಲ, ಊಟವಾಯಿತೇ ಎಂಬುದಿಲ್ಲ. “ಇಲ್ಲ” ಎಂದರೆ ಅತ್ತ ಫೋನು ಇಡುವ ಸದ್ದು. ವರ್ಷ ತುಂಬಿತು, ನಡೆದಳು, ಮಾತಿಲ್ಲ. ಓರಗೆಯ ಮಕ್ಕಳು ಅವ್ವ, ಅಪ್ಪ, ಕಾಕಿ ಅನ್ನುತ್ತಿದ್ದವು. ನನ್ನ ಮಗಳು ಬೆರಳು ತೋರಿಸುವಳು. ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನೋಡುವೆ, ತಿರುಗುವಳು. ಹೆಸರು ಕರೆದರೆ ಬರುವಳು. ಬಾಯಿ ಮಾತ್ರ ಬಿಡಲೊಲ್ಲಳು. ಎರಡು ತುಂಬಿತು. ಯಾರ ಮೇಲೆ ಎಗರುವುದು ತಿಳಿಯದೆ ನಾನು ಫೋನಿನಲ್ಲಿ ದೊಡ್ಡವ್ವನ ಮೇಲೇ ಎಗರುತ್ತಿದ್ದೆ. ಅವಳು ಕೇಳಿಸಿಕೊಂಡು, “ಬೈಯವ್ವ. ನೀ ಬೈದ ದಿನ ನನಗೂ ಎರಡು ತುತ್ತು ಒಳಗ ಹೊಕ್ಕಾವ” ಅನ್ನುವಳು.

ರಜೆಗೆ ಮಕ್ತಲಕ್ಕೆ ಹೋದಾಗ ಗಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ದೊಡ್ಡವ್ವ ಓಣಿ ಸುತ್ತುತ್ತಿದ್ದಳು. ಈಗ ಮುಟ್ಟುವ ಭಯ ಹೋಗಿತ್ತು. ಮನೆಮನೆಯ ಮುಚ್ಚಳ ತೆಗೆಯುವಾಗ ಅದೂ ಬಗ್ಗಿ ನೋಡುವುದು. “ಇದು ಏನು? ಅನ್ನ. ಇದು? ಪುಂಡಿಪಲ್ಯ. ಅನ್ನು ನೋಡೋಣು” ಎಂದು ಇಡೀ ದಿನ ಒಬ್ಬಳೇ ಮಾತಾಡುವಳು. ಒಂದು ದಿನ ಎದುರು ಮನೆಯ ಒಲೆಯ ಮುಂದೆ ಗಂಗಿ ತಾನೇ ಕೈ ಚಾಚಿ ಮುಚ್ಚಳ ಹಿಡಿದಳಂತೆ. ಸುಟ್ಟಿತು. “ಬಿಸಿ” ಎಂದಳಂತೆ.

ದೊಡ್ಡವ್ವ ಅವಳನ್ನು ಎತ್ತಿಕೊಂಡು ಓಣಿಯುದ್ದಕ್ಕೂ ಓಡಿ ಬಂದಳು. ಬೆರಳಿಗೆ ತಣ್ಣೀರು ಹಾಕುವುದನ್ನೂ ಮರೆತಿದ್ದಳು. ನನ್ನ ಮುಂದೆ ನಿಲ್ಲಿಸಿ, “ಅನ್ನು, ಅನ್ನು ನಮ್ಮವ್ವ, ಇನ್ನೊಮ್ಮೆ ಅನ್ನು” ಎಂದಳು. ಮಗಳು ನನ್ನ ಮುಖ ನೋಡಿ, ಕೆಂಪಾದ ಬೆರಳು ಎತ್ತಿ ತೋರಿಸಿ, ಮತ್ತೆ ಬಿಸಿ ಎಂದಳು. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಅಂದಿನಿಂದ ಬಾಯಿ ಮುಚ್ಚಿಲ್ಲ ಹುಡುಗಿ.

ಇಲ್ಲಿಗೆ ನಮ್ಮ ಫಿಕೀರು ಮುಗಿಯಬೇಕಿತ್ತು. ಮುಗಿಯಲಿಲ್ಲ. ಗಂಗಿ ಈಗ ಎರಡನೇ ಇಯತ್ತೆ. ಓದುತ್ತಾಳೆ, ಬರೆಯುತ್ತಾಳೆ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಆದರೆ ಏಳರ ಮಗ್ಗಿ ಒಂದು ದಿನ ತಪ್ಪಿದರೆ ಅಲ್ಲೇ ನಿಲ್ಲಿಸಿ ಹತ್ತು ಸಲ ಹೇಳಿಸುತ್ತೇನೆ. ಎಲ್ಲ ಮಕ್ಕಳೂ ಮಗ್ಗಿ ಮರೆಯುತ್ತವೆ, ನನ್ನ ಶಾಲೆಯಲ್ಲಿ ದಿನಾ ನೋಡುತ್ತೇನೆ. ಗೊತ್ತಿದ್ದೂ ಆ ಮೂಕ ಅಳು ಕಣ್ಣ ಮುಂದೆ ಬರುತ್ತದೆ. ಆ ತಿಂಗಳು ಏನಾದರೂ ಕಳೆದುಹೋಯಿತೋ, ಹೋಗಿದ್ದರೆ ಏನು, ಎಷ್ಟು, ಯಾರು ಹೇಳಬಲ್ಲರು? ದೊಡ್ಡವ್ವನದೂ ಅದೇ ಗತಿಯಾಗಿತ್ತು. ಮಗು ಬಂದರೆ ಸಾಕು, ಅಡುಗೆಮನೆಯಲ್ಲಿ ನಿಲ್ಲಿಸಿ ಒಂದೊಂದು ಡಬ್ಬಿಯ ಹೆಸರು ಹೇಳಿಸುವಳು. ಎಲ್ಲವನ್ನೂ ಸರಿಯಾಗಿ ಹೇಳಿದರೂ ನನ್ನ ಕಡೆ ತಿರುಗಿ ಮೆಲ್ಲಗೆ, “ಶ್ಯಾಣ್ಯಾ ಐತಿ ಹೌದಿಲ್ಲೋ? ನೆಟ್ಟಗ ಐತಿ ಹೌದಿಲ್ಲೋ?” ಎಂದು ಕೇಳುವಳು. ಹೌದೆಂದರೆ ನಂಬುತ್ತಿರಲಿಲ್ಲ. ಹೋದ ದಸರೆಗೂ ಕೇಳಿದಳು. ಅದೇ ಕೊನೆ.

ಅವಳು ಹೋದ ಮೂರನೇ ದಿನ ಎಡೆ ಇಡಲು ಅವಳನ್ನು ಮಣ್ಣು ಮಾಡಿದ ಹೊಲಕ್ಕೆ ಹೊರಡಬೇಕಿತ್ತು. ಅಂಗಳದ ತುಂಬ ಹೆಂಗಸರು. ಅವಳ ಕೈಯಲ್ಲಿ ಎರೆಸಿಕೊಂಡವರು, ಅವಳ ಪುಡಿ ಉಂಡವರು. ಗುಂಡುಮಾಲದವಳೂ ಬಂದಿದ್ದಳು. ಒಬ್ಬಳೇ ಕಂಬಕ್ಕೆ ಒರಗಿ ನಿಂತಿದ್ದಳು. ಹಿರಿಸೊಸೆ ಸಣ್ಣಕ್ಕಿಯ ಅನ್ನ ಮಾಡಿದ್ದಳು, ಬಸಿದು, ಬೆಳ್ಳಗೆ, ಮೇಲೆ ತುಪ್ಪ. ಸತ್ತವರಿಗೆ ರೊಟ್ಟಿ ಇಟ್ಟರೆ ನೆರೆದ ಜನ ಏನಂದುಕೊಂಡಾರು ಎಂಬುದು ಅವಳ ಚಿಂತೆ, ಅದು ನನಗೂ ಅರ್ಥವಾಗುತ್ತಿತ್ತು. ನನಗೆ ಅಂದು ಜಗಳವಾಡುವ ಶಕ್ತಿ ಇರಲಿಲ್ಲ.

ಗಂಗಿ ನನ್ನ ಕೈ ಬಿಡಿಸಿಕೊಂಡು ಹೋದಳು. ಎಡೆಯ ಪಾತ್ರೆಯ ಮುಚ್ಚಳ ತೆಗೆದಳು. ಬಗ್ಗಿ ನೋಡಿದಳು. ಒಂದು ಅಗುಳನ್ನು ಬೆರಳಲ್ಲಿ ಹಿಚುಕಿದಳು.

“ಗಂಜಿ ಎಲ್ಲಿಟ್ರಿ?” ಎಂದಳು.

ಹಿರಿಸೊಸೆ ತಡವರಿಸಿ, “ಎಮ್ಮಿಗೆ ಹಾಕಿದೆವ್ವ” ಎಂದಳು.

“ಹಂಗಾರ ಅಜ್ಜಿ ಇದನ್ನ ಉಣ್ಣಂಗಿಲ್ಲ. ರೊಟ್ಟಿ ಇಡ್ರಿ.”

ದೊಡ್ಡ ದನಿ ನನ್ನ ಮಗಳದು. ಓಣಿಯ ಕೊನೆಯವರೆಗೂ ಕೇಳಿಸುವ ದನಿ, ಎಲ್ಲೂ ಒಡೆದಿಲ್ಲ. ಆ ದನಿಯಲ್ಲಿ ಏನಾದರೂ ಕೊರತೆ ಸಿಕ್ಕೀತೇ ಎಂದು ಇಷ್ಟು ವರ್ಷ ಕಿವಿಗೊಟ್ಟು ಕೂತವಳು ನಾನು. ಅಂದು ಸುಮ್ಮನೆ ಕೇಳಿದೆ. ದೊಡ್ಡವ್ವ ಇರಬೇಕಿತ್ತು, ಅವಳೂ ಕೇಳಬೇಕಿತ್ತು.

ಹಿರಿಸೊಸೆ ನನ್ನ ಕಡೆ ನೋಡಿದಳು. ಆಗ ಗುಂಡುಮಾಲದವಳು ಕಂಬ ಬಿಟ್ಟು ಬಂದಳು. ಒಳಗೆ ಹೋಗಿ, ಕೇಳದೆಯೇ ಜೋಳದ ಹಿಟ್ಟಿನ ಡಬ್ಬಿ ಹುಡುಕಿ ತೆಗೆದು, ಒಲೆಯ ಮುಂದೆ ಕೂತು ಹಿಟ್ಟಿಗೆ ಬಿಸಿನೀರು ಹಾಕಿ ನಾದತೊಡಗಿದಳು.